ಕರಿಕಂಬಳಿ ಕಟ್ಟಿದ ಬಾಗಿಲು

ಹೂಂ ಅನ್ನೋರು ಇದ್ದರೆ ಕಥೆ, ಇಲ್ಲದಿದ್ದರೆ ಬರೀ ಗಂಟಲು ನೋವು. ಅದಕ್ಕೇ ಮೊದಲೇ ಹೇಳಿಬಿಡ್ತೀನಿ, ನಾನು ಹೇಳೋದು, ನೀವು ಹೂಂ ಅನ್ನೋದು. ಎಲ್ಲಿ, ಒಂದು ಸಲ ಅನ್ರಿ ನೋಡೋಣ. ಹಾಂ, ಹಂಗ! ಗಂಡಸರ ಕಡೆಯಿಂದ ಇನ್ನೊಂಚೂರು ಜೋರಾಗಿ ಬರಲಿ, ಊಟ ಮಾಡೇ ಬಂದೀರಲ್ಲ. ಅಲ್ಲಿ ಕಂಬಕ್ಕೆ ಒರಗಿ ಕೂತ ತಂಗಿ, ನಿನ್ನ ಹೂಂ ನನಗೆ ಕೇಳಿಸಲಿಲ್ಲ. ಇರಲಿ, ಕಥೆ ಮುಂದೆ ಹೋದಂಗೆ ಬಂದೀತು.

ಗುಡ್ಡದ ಆಚೆಗೆ ಗುಡ್ಡ, ಆ ಗುಡ್ಡದ ಆಚೆಗೆ ಒಂದು ನಾಡು. ಅದಕ್ಕೊಂದು ಹೆಸರಿತ್ತು. ನನಗೆ ಕಥೆ ಹೇಳಿದ ಮುದುಕಿ ಅದನ್ನ ಎಲೆ ಅಡಿಕೆ ಜೊತೆ ನುಂಗಿಬಿಟ್ಟಳು. ಆ ನಾಡಿನಲ್ಲಿ ಒಂದು ಊರು. ಊರ ತುಂಬ ಕುರಿ, ಮನೆ ತುಂಬ ಉಣ್ಣೆ, ಪಡಸಾಲೆಗೊಂದು ಮಗ್ಗ. ಗಂಡಸರು ಕುರಿ ಕಾಯೋರು, ಹೆಂಗಸರು ಉಣ್ಣೆ ನೂಲೋರು, ಕೈ ಖಾಲಿ ಇದ್ದವರೆಲ್ಲ ಕಂಬಳಿ ನೇಯೋರು. ಕಂಬಳಿ ಗಟ್ಟಿಯಾಗಲಿ ಅಂತ ನೂಲಿಗೆ ಹುಣಸೆಬೀಜದ ಗಂಜಿ ಬಳಿಯುತ್ತಾರಲ್ಲ, ಊರಿಗೆ ಊರೇ ಅದರ ವಾಸನೆ ಹೊಡೆಯುತ್ತಿತ್ತು. ಆ ಊರಿನವರ ಮೂಗಿಗೆ ಅದೇ ಮಲ್ಲಿಗೆ.

ಕೇಳ್ರಿ, ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಯಾರ ಮನೆಗಾದರೂ ದುಃಖ ಬಂತು ಅನ್ನಿ. ಸಾವೋ, ನೋವೋ, ಹೋದವನು ತಿರುಗಿ ಬರಲಿಲ್ಲವೋ. ಆ ಮನೆಯವರು ಬಾಗಿಲಿಗೆ ಅಡ್ಡಲಾಗಿ ಒಂದು ಕರಿಕಂಬಳಿ ಕಟ್ಟಬೇಕು. ಅಂಚಿಲ್ಲದ ಕಂಬಳಿ. ಹೊದೆಯುವ ಕಂಬಳಿಗೆ ಕೆಂಪಂಚೋ ಬಿಳಿಯಂಚೋ ಇರುತ್ತದೆ, ದುಃಖದ ಕಂಬಳಿಗೆ ಮಾತ್ರ ಅಂಚು ಹಾಕುತ್ತಿರಲಿಲ್ಲ. ಕಂಬಳಿ ಕಂಡಿತೋ, ಮನೆಮನೆಯಲ್ಲೂ ರೊಟ್ಟಿ ಬಡಿಯುವ ಸಪ್ಪಳ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ತಂದು ಜಗುಲಿಯ ಮೇಲೆ ಇಡಬೇಕು, ತಲೆ ಬಗ್ಗಿಸಬೇಕು, ತಿರುಗಿ ನೋಡದೆ ಮನೆಗೆ ಬರಬೇಕು. ಕಂಬಳಿ ಸರಿಸುವಂತಿಲ್ಲ, ಒಳಗಿನವರ ಜೊತೆ ಮಾತಾಡುವಂತಿಲ್ಲ, ಏನಾಯಿತು ಅಂತ ಕೇಳುವಂತಂತೂ ಇಲ್ಲವೇ ಇಲ್ಲ.

ಯಾಕೆ ಅಂತೀರಾ? ದುಃಖ ಅಂಟುತ್ತದಂತೆ! ಕಜ್ಜಿ ಅಂಟಿದ ಹಾಗೆ. ಕೇಳಿದವರ ಕಿವಿಯಿಂದ ಒಳಗೆ ಇಳಿದು, ಅವರ ಮನೆಯಲ್ಲಿ ಮಂಚ ಹಾಕಿಕೊಂಡು ಕೂತು, ಅಲ್ಲಿಂದ ಪಕ್ಕದ ಮನೆಗೆ ಹೋಗುತ್ತದಂತೆ. ಹಾಗಾದರೆ ಕಂಬಳಿ ಇಳಿಸೋದು ಯಾರು? ಆ ಮನೆಯ ಹೆಂಗಸಿನ ತವರಿನವರು. ಅವರು ಬಂದು ಕೈಯಾರೆ ಬಿಚ್ಚಿದ ಮೇಲೆ ಆಕೆ ಮೊದಲಿನ ಹಾಗೆ ನೀರಿಗೆ ಬರಬಹುದು, ಮಾತಾಡಬಹುದು, ನಗಬಹುದು. ತಾನೇ ಬಿಚ್ಚಿಕೊಂಡರೆ ಊರಿಗೇ ಕೇಡು.

ಈ ಪದ್ಧತಿ ಬಗ್ಗೆ ಅವರಿಗೆ ಹೆಮ್ಮೆಯೋ ಹೆಮ್ಮೆ. ಊರ ಹಿರಿಯ ರೇವಪ್ಪಜ್ಜ ಸಂತೆಯಲ್ಲಿ ಪರಊರಿನವರು ಸಿಕ್ಕರೆ ಸಾಕು, ಮೀಸೆ ತಿರುವಿ ಹೇಳೋನು: "ನಮ್ಮೂರಾಗ ಕರುಣಾ ಎಷ್ಟೈತಿ ಗೊತ್ತೇನು? ಹೊಟ್ಟಿಗಿಲ್ಲದ ದುಃಖ ನಮ್ಮಲ್ಲಿ ಒಂದೂ ಇಲ್ಲ!"

ಇಂಥ ಊರಿಗೆ ಹೊಳೆಯಾಚೆಯಿಂದ ಒಬ್ಬ ಸೊಸೆ ಬಂದಳು. ಹೆಸರು ಬಾಳವ್ವ. ಹುಟ್ಟಿದಾಗ ಅವಳು ಅಳಲೇ ಇಲ್ಲವಂತೆ. ಸೂಲಗಿತ್ತಿಯ ಮುಖ ನೋಡಿ 'ನೀ ಯಾರವ್ವ' ಅನ್ನೋ ಹಾಗೆ ಹುಬ್ಬು ಏರಿಸಿದಳಂತೆ. ಮಾತು ಬಂದ ಮೇಲಂತೂ ಕೇಳೋದೇ ಬೇಡ. ಅಲ್ಲ, ಅವಳು ಕೇಳೋದು ನಿಲ್ಲಿಸಿದ್ದೇ ಇಲ್ಲ. ಕುರಿಗೆ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲು ಯಾಕಿಲ್ಲ? ಹೊಳೆ ನಿಂತಲ್ಲಿ ಯಾಕೆ ನಿಲ್ಲೋದಿಲ್ಲ? ಗಂಡಸರು ಸೀನಿದರೆ ಮನೆ ಯಾಕೆ ನಡುಗುತ್ತದೆ? ಅವಳು ಓಣಿಗೆ ಕಾಲಿಟ್ಟರೆ ತವರೂರಿನ ಜನ ಬೇಗಬೇಗ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆ ತವರಿನಲ್ಲಿ ಅವಳಿಗೆ ಅವ್ವ ಇರಲಿಲ್ಲ, ಅಪ್ಪನೂ ಇರಲಿಲ್ಲ. ಒಬ್ಬ ಅಣ್ಣ ಇದ್ದ, ಅವನ ಮನೆಯ ಕೀಲಿಕೈ ಅತ್ತಿಗೆಯ ಸೊಂಟದಲ್ಲಿತ್ತು. ಮದುವೆಯಾಗಿ ಹೊರಟಾಗ ಅತ್ತಿಗೆ ಕಣ್ಣು ಒರೆಸಿಕೊಳ್ಳುತ್ತಾ, "ಇನ್ನ ಈ ಕಡಿ ದಾರಿ ಮರ್ತುಬಿಡವ್ವ" ಅಂದಿದ್ದಳು. ಹಾಗಾಗಿ ಬಾಳವ್ವನಿಗೆ ಮನೆ ಅಂತ ಇದ್ದದ್ದು ಗಂಡನ ಮನೆ ಒಂದೇ. ಗಂಡ ಮಾಳಪ್ಪ ಒಳ್ಳೆಯವನು, ಕುರಿಗಳ ಹತ್ತಿರ ಮಾತ್ರ ಮಾತು ಜಾಸ್ತಿ. ಅತ್ತೆ ಕೆಂಚವ್ವ ಕಂಬಳಿ ನೇಯುವುದರಲ್ಲಿ ಎತ್ತಿದ ಕೈ, ಬೈಯುವುದರಲ್ಲಿ ಇನ್ನೊಂದು ಕೈ ಮೇಲೆ.

ಬಂದ ಹೊಸದರಲ್ಲೇ ಕೆಂಚವ್ವ ಸೊಸೆಯ ಕೈಗೆ ರೊಟ್ಟಿ ಬುಟ್ಟಿ ಕೊಟ್ಟು ಊರ ಕೊನೆಗೆ ಕರೆದುಕೊಂಡು ಹೋದಳು. ಅಲ್ಲೊಂದು ಒಂಟಿ ಮನೆ. ಬಾಗಿಲಿಗೆ ಕರಿಕಂಬಳಿ. ಜಗುಲಿಯ ಮೇಲೆ ಆಗಲೇ ಯಾರೋ ಇಟ್ಟ ರೊಟ್ಟಿ. ಬಾಳವ್ವ ತಲೆ ಬಗ್ಗಿಸಿದಳು, ಬಗ್ಗಿಸಿದ ತಲೆಯಲ್ಲೇ ಕಣ್ಣು ಮೇಲೆತ್ತಿದಳು.

"ಅತ್ತೀ, ಒಳಗ ಯಾರದಾರ?"

"ಬೀರವ್ವ ಅಜ್ಜಿ."

"ಏನಾಗೈತಿ ಆಕಿಗೆ?"

"ಕೇಳಬಾರದು."

"ಎಂದಿನಿಂದ ಒಳಗ ಅದಾಳ?"

"ನಿನ್ನ ಗಂಡಗ ಮೀಸಿ ಬರೋಕಿಂತ ಮೊದಲಿಂದ. ಸುಮ್ನ ನಡಿ."

ಬಾಳವ್ವ ಸುಮ್ಮನೆ ನಡೆಯುವವಳೇ? ಅಷ್ಟು ವರ್ಷ ಕರಗದ ದುಃಖ ಯಾವುದಪ್ಪಾ? ಸಾಯಂಕಾಲ ಕುರಿಹಟ್ಟಿಯಲ್ಲಿ ಗಂಡನನ್ನ ಕೇಳಿದಳು. ಮಾಳಪ್ಪ ಹೇಳಿದ, "ಆಕಿ ಗಂಡ ಕುರಿ ಹೊಡ್ಕೊಂಡು ಹೋದಾಂವ ಬರಲೇ ಇಲ್ಲಂತ." ಬಾವಿಕಟ್ಟೆಯಲ್ಲಿ ಪಕ್ಕದ ಮನೆಯ ಸಂಕವ್ವನನ್ನ ಕೇಳಿದಳು. ಸಂಕವ್ವ ಹೇಳಿದಳು, "ಗಂಡ ಮನ್ಯಾಗ ಹಾಸಿಗಿ ಮ್ಯಾಲೆ ಸತ್ತಾನ, ನಾ ಮಣ್ಣಿಗೆ ಹೋಗಿದ್ದೆ. ಇದು ಆಕಿ ತಮ್ಮನ ದುಃಖಂತ." ಬೇವಿನಮರದ ಕೆಳಗೆ ರೇವಪ್ಪಜ್ಜನನ್ನ ಕೇಳಿದಳು. ಅಜ್ಜ ಹೇಳಿದ, "ಆಕಿಗೆ ತಮ್ಮನ ಇರಲಿಲ್ಲ. ದೇವರು ಮುನಿದಾನಂತ."

ಮೂವರಿಗೂ ಅವಳದು ಅದೇ ಮಾತು. "ನೀವು ಆಕೀನ್ನ ಕೇಳೀರೇನು?"

ಮೂವರದೂ ಅದೇ ಉತ್ತರ. "ಛೀ ಛೀ, ಕೇಳಬಾರದು!"

ನೀವೇ ಹೇಳ್ರಿ, ಊರಿಗೆಲ್ಲ ಗೊತ್ತಿರೋ ದುಃಖ ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ ಅಂದರೆ ಎಂಥ ಚೋದ್ಯ!

ಸೊಸೆ ಓಣಿ ಓಣಿ ಕೇಳಿಕೊಂಡು ತಿರುಗುತ್ತಿದ್ದಾಳೆ ಅನ್ನೋ ಸುದ್ದಿ ಅವಳಿಗಿಂತ ಮೊದಲೇ ಮನೆಗೆ ಬಂದಿತ್ತು. ಕೆಂಚವ್ವ ಮಗ್ಗದಿಂದ ಎದ್ದು ಬಂದಳು. ಅವಳ ಮುಖ ಸಿಟ್ಟಿಗೆ ಕೆಂಪಾಗಿರಲಿಲ್ಲ, ಬೆಳ್ಳಗಾಗಿತ್ತು. ಅದೂ ಬಾಳವ್ವನ ಕಣ್ಣಿಗೆ ಬಿತ್ತು.

"ಇನ್ನೊಂದು ಸಲ 'ಏನಾಗೈತಿ' ಅನ್ನೋ ಮಾತು ಆ ಬಾಯಿಂದ ಬಂತೋ, ಗಂಟು ಕಟ್ಟಿ ಹೊಳಿ ದಾಟಸ್ತೀನಿ. ನನ್ನ ಮಗ ಅಡ್ಡ ಬಂದ್ರೂ ಬಿಡೂದಿಲ್ಲ. ತಿಳೀತ?"

ಬಾಳವ್ವನಿಗೆ ತಿಳಿಯಿತು. ಹೊಳೆಯಾಚೆ ಏನಿದೆ ಅನ್ನೋದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂದಿನಿಂದ ಬಾಯಿಗೆ ಬೀಗ. ಪ್ರಶ್ನೆ ಬಂದಾಗೆಲ್ಲ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆ ತಿಂಗಳು ಕೆಂಚವ್ವನ ಮನೆಯಲ್ಲಿ ಬೆಲ್ಲದ ಗಡಿಗೆ ಖಾಲಿಯಾಯಿತು ಅಂದರೆ ಲೆಕ್ಕ ನೀವೇ ಹಾಕಿಕೊಳ್ರಿ.

ಹಿಂಗೇ ದಿನ ಹೋಗುತ್ತಿರುವಾಗ, ಒಂದು ಬೆಳಿಗ್ಗೆ ಬೀರವ್ವಜ್ಜಿಯ ಜಗುಲಿಯ ಮೇಲೆ ಹಿಂದಿನ ದಿನದ ರೊಟ್ಟಿ ಹಾಗೇ ಇತ್ತು. ಊರಿನವರು ಏನು ಮಾಡಿದರು? "ಪಾಪ, ದುಃಖ ಹೆಚ್ಚಾಗೈತಿ" ಅಂತ ಇನ್ನೂ ಎರಡು ರೊಟ್ಟಿ ಜಾಸ್ತಿ ಇಟ್ಟರು. ಮರುದಿನ ಅದೂ ಹಾಗೇ ಇತ್ತು. "ಅಯ್ಯೋ, ರುಚಿ ಹಿಡಿಸವಲ್ದು" ಅಂತ ಬೆಣ್ಣೆ ಹಚ್ಚಿ ಇಟ್ಟರು. ಅದರ ಮರುದಿನ ಅದೂ ಹಾಗೇ. ಆಗ ರೇವಪ್ಪಜ್ಜ ಕರುಣೆಯಿಂದ ಗದ್ಗದಿತನಾಗಿ, "ಹೋಳಿಗಿ ಮಾಡ್ರವ್ವಾ" ಅಂದ. ಹೋಳಿಗೆಯೂ ಬಂತು, ಮೇಲೆ ತುಪ್ಪವೂ ಬಂತು. ಕಾಗೆ ತಿಂದವು, ನಾಯಿ ತಿಂದವು, ಇರುವೆ ಸಾಲು ಹಿಡಿದು ಬಂದವು. ಕಂಬಳಿಯ ಆಚೆ ಏನಾಗಿದೆ ಅಂತ ಯಾರಾದರೂ ಕೇಳಿದರೇ? ಊಹೂಂ. ಕೇಳಬಾರದಲ್ಲ!

ಅವತ್ತು ಮಧ್ಯಾಹ್ನ ಬಾಳವ್ವ ಒಬ್ಬಳೇ ರೊಟ್ಟಿ ಇಡೋಕೆ ಹೋದಳು. ಒಂದು ನಾಯಿ ಕಂಬಳಿಯ ತುದಿ ಕಚ್ಚಿ ಜಗ್ಗುತ್ತಿತ್ತು. ಓಡಿಸಿದಳು. ಹೊಸ್ತಿಲ ಧೂಳಿನಲ್ಲಿ ಹೂತಿದ್ದ ತುದಿ ಮೇಲೆ ಬಂದಿತ್ತು. ಬಗ್ಗಿ ನೋಡುತ್ತಾಳೆ, ಧೂಳಿನ ಕೆಳಗೆ ಒಂದು ಗೆರೆ. ಸೆರಗಿನಿಂದ ಒರೆಸಿದಳು.

ಕೆಂಪಂಚು!

ದುಃಖದ ಕಂಬಳಿಗೆ ಅಂಚು ಎಲ್ಲಿಂದ ಬಂತು? ಊರೆಲ್ಲ ದಿನಾ ಬರುತ್ತಾರೆ, ತಲೆ ಬಗ್ಗಿಸುತ್ತಾರೆ, ಒಬ್ಬರೂ ನೋಡಲಿಲ್ಲವೇ? ಬಾಳವ್ವ ಸೊಂಟದ ಚೀಲಕ್ಕೆ ಕೈ ಹಾಕಿದಳು. ಬೆಲ್ಲ ಮುಗಿದಿತ್ತು.

ಅಷ್ಟರಲ್ಲಿ ಒಳಗಿಂದ ಸಪ್ಪಳ. ಟಕ್. ಸುಮ್ಮನಾಯಿತು. ಮತ್ತೆ ಟಕ್. ತಾಮ್ರದ ಚೊಂಬಿನಿಂದ ಯಾರೋ ನೆಲ ಬಡಿದ ಹಾಗೆ. ಕೇಳಿದರೆ ಇರೋದೊಂದು ಮನೆಯೂ ಹೋಯಿತು. ಗಂಡನೂ ಹೋದ, ಮಗ್ಗವೂ ಹೋಯಿತು, ಹೊಳೆ ದಾಟಿದರೆ ಅತ್ತಿಗೆಯ ಮುಚ್ಚಿದ ಬಾಗಿಲು. ಬುಟ್ಟಿ ಎತ್ತಿಕೊಂಡು ಬೇಗಬೇಗ ನಡೆದಳು. ಹುಣಸೆಮರದವರೆಗೆ ಹೋದಳು, ನಿಂತಳು. ಟಕ್ ಅನ್ನೋ ಸಪ್ಪಳ ಅಲ್ಲಿಗೆ ಕೇಳಿಸುತ್ತಿರಲಿಲ್ಲ. ಆದರೂ ಕಿವಿಯಲ್ಲಿ ಅದೇ ಇತ್ತು. ತಿರುಗಿ ಬಂದಳು. ಕಂಬಳಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸಣ್ಣ ದನಿಯಲ್ಲಿ ಕೇಳಿಯೇಬಿಟ್ಟಳು.

"ಅಜ್ಜೀ, ಏನಾಗೈತಿ ನಿನಗ?"

ಒಳಗಿನ ಸಪ್ಪಳ ನಿಂತಿತು. ಆಮೇಲೆ ಒಣಗಿದ ಗಂಟಲಿನಿಂದ ಒಂದು ದನಿ ಬಂತು.

"ಯಾರವ್ವ ಅದು? ಇನ್ನೊಮ್ಮೆ ಕೇಳು."

"ಏನಾಗೈತಿ ಅಜ್ಜೀ?"

"ಇನ್ನೊಮ್ಮೆ ಕೇಳು ನನ್ನವ್ವ."

"ಏನಾಗೈತಿ ನಿನಗ?"

ಒಳಗಿನ ಜೀವ ಅಳೋಕೆ ಶುರು ಮಾಡಿತು. "ಕಾಲು ಮುರಿದೈತಿ ಮಗಳ. ಹಿತ್ತಲದಿಂದ ನೀರು ತರುವಾಗ ಬಿದ್ದೆ. ತೆವಳ್ಕೊಂಡು ಇಲ್ಲಿ ಮಟ ಬಂದೀನಿ. ಚೊಂಬಿನಾಗ ಇದ್ದ ನೀರು ನಿನ್ನೆ ಮುಗೀತು. ಒಂದು ಗುಟುಕು ನೀರು ಕೊಡು."

ಇನ್ನು ಪದ್ಧತಿ ಎಲ್ಲಿ, ಅತ್ತೆ ಎಲ್ಲಿ? ಬಾಳವ್ವ ಕಂಬಳಿ ಸರಿಸಿ ಒಳಗೆ ನುಗ್ಗಿದಳು. ಹಿತ್ತಲ ಬಾವಿಯಿಂದ ನೀರು ತಂದು ಕುಡಿಸಿದಳು. ತಲೆ ತೊಡೆಯ ಮೇಲಿಟ್ಟುಕೊಂಡಳು. ರೊಟ್ಟಿ ನೀರಲ್ಲಿ ನೆನೆಸಿ ತುತ್ತು ತುತ್ತಾಗಿ ತಿನ್ನಿಸಿದಳು. ಮುದುಕಿಗೆ ಸ್ವಲ್ಪ ಜೀವ ಬಂತು. ಬಾಳವ್ವನ ಕಣ್ಣು ಆಗಲೇ ಮನೆಯೆಲ್ಲ ಸುತ್ತಿ ಬಂದಿತ್ತು. ಗೋಡೆಗೆ ಒಂದು ಬಾಗಿಲ ಹಲಗೆ ಒರಗಿಸಿಟ್ಟಿತ್ತು. ಅರ್ಧ ಗೆದ್ದಲು ತಿಂದ ಹಲಗೆ.

"ಅಜ್ಜೀ, ಬಾಗಿಲು ಯಾಕ ಒಳಗ ಐತಿ? ಕಂಬಳಿಗೆ ಕೆಂಪಂಚು ಯಾಕೈತಿ? ಅಸಲಿಗೆ ನಿನಗ ಏನು ದುಃಖ ಬಂದಿತ್ತು?"

"ದುಃಖ?" ಅಂದಳು ಬೀರವ್ವಜ್ಜಿ. "ನನಗೆಲ್ಲಿ ದುಃಖ ಬಂದಿತ್ತು ಮಗಳ? ಬಾಗಲಕ್ಕ ಗೆದ್ದಲ ಹತ್ತಿ ಕಳಚಿ ಬಿತ್ತು. ಬಡಿಗ ಬರೋ ಮಟ ನಾಯಿ ಒಳಗ ಬರಬಾರದು ಅಂತ ನಾ ಹೊಚ್ಕೊಳ್ಳೋ ಕಂಬಳೀನ ಅಡ್ಡ ಕಟ್ಟಿದೆ. ಮುಂಜಾನೆದ್ದು ನೋಡ್ತೀನಿ, ಜಗಲಿ ತುಂಬ ರೊಟ್ಟಿ!"

ಬಾಳವ್ವನ ಬಾಯಿ ಅಗಲವಾಯಿತು.

"ಹೇಳಬಾರದಿತ್ತೇನು ಅಜ್ಜೀ?"

"ಹೇಳಲಿಲ್ಲಂತೀಯೇನು? ಒಳಗಿಂದ ಕೂಗಿ ಹೇಳಿದೆ. ಕಿವಿ ಮುಚ್ಕೊಂಡು ಓಡಿದ್ರು, ಮರುದಿನ ಎರಡು ರೊಟ್ಟಿ ಹೆಚ್ಚಿಗೆ ಇಟ್ರು. ಬಾವಿಗೆ ಹೋಗಿ ಎದುರಿಗೆ ನಿಂತು ಹೇಳಿದೆ. ಕೊಡ ಒಗದು ಓಡಿದ್ರು, 'ಪಾಪ, ದುಃಖಕ್ಕ ತಲಿ ಕೆಟ್ಟೈತಿ' ಅಂತ ಇನ್ನೆರಡು ಹೆಚ್ಚಿಗೆ ಇಟ್ರು. ಕಡೀಕ ಕಂಬಳೀನ ಬಿಚ್ಚಿ ಒಗದೆ. ಬೆಳಕು ಹರಿಯೋದರೊಳಗ ಅದನ್ನ ಮತ್ತ ಕಟ್ಟಿ, ಮ್ಯಾಲೆ ತುಪ್ಪದ ಗಿಂಡಿ ಇಟ್ಟು ಹೋಗಿದ್ರು."

"ಆಮ್ಯಾಲೆ?"

"ಆಮ್ಯಾಲೆ ನಾನೂ ಸುಮ್ಮನಾದೆ. ಬಿಚ್ಚಾಕ ಬರೋ ತವರಿನವರು ನನಗ ಯಾರೂ ಉಳಿದಿರಲಿಲ್ಲ. ಯಾರ ಜೋಡೀನೂ ಮಾತಿಲ್ಲ, ನಗಿ ಇಲ್ಲ, ಬೈಗಳಾನೂ ಇಲ್ಲ. ಹೋಗ್ತಾ ಹೋಗ್ತಾ ದುಃಖ ಖರೇನ ಬಂತು. ರೊಟ್ಟಿ ಜೋಡಿ ದಿನಾ ಒಂದೀಟು ಅವರ ತಂದಿಟ್ರು ನೋಡು."

ಹೇಳ್ರಿ, ಇದಕ್ಕೆ ನಗಬೇಕೋ ಅಳಬೇಕೋ? ಬಾಳವ್ವನಿಗೂ ಗೊತ್ತಾಗಲಿಲ್ಲ. ಮೊದಲು ಮುದುಕಿಯನ್ನ ತಬ್ಬಿಕೊಂಡು ಅತ್ತಳು. ಆಮೇಲೆ ತುಪ್ಪದ ಗಿಂಡಿ ನೆನಪಾಗಿ ಕಿಸಕ್ಕನೆ ನಕ್ಕಳು. ಅವಳ ನಗು ಕೇಳಿ ಬೀರವ್ವಜ್ಜಿಗೂ ನಗು ಬಂತು. ಎಷ್ಟೋ ವರ್ಷದ ನಗು, ಕಾಲು ನೋಯುತ್ತಿದ್ದರೂ ನಿಲ್ಲಲೊಲ್ಲದು.

ದುಃಖದ ಮನೆಯಿಂದ ನಗು! ನೀರಿಗೆ ಹೊರಟಿದ್ದ ಸಂಕವ್ವ ಅದನ್ನ ಕೇಳಿದಳು, ಕೊಡ ಅಲ್ಲೇ ಬಿಟ್ಟು ಊರೊಳಗೆ ಓಡಿದಳು. ನೋಡನೋಡುತ್ತಾ ಊರೆಲ್ಲ ಬಂದು ಜಗುಲಿಯ ಮುಂದೆ ನಿಂತಿತು. ರೇವಪ್ಪಜ್ಜ ಕೋಲು ಊರಿಕೊಂಡು ಮುಂದೆ, ಕೆಂಚವ್ವ ಅವನ ಹಿಂದೆ, ಮಾಳಪ್ಪ ಎಲ್ಲರಿಗಿಂತ ಹಿಂದೆ.

"ಒಳಗಿದ್ದಾಕಿ ಯಾರು? ಹೊರಗ ಬಾ!"

ಕಂಬಳಿ ಸರಿಸಿಕೊಂಡು ಬಾಳವ್ವ ಹೊರಗೆ ಬಂದಳು. ಜನ ಒಂದು ಹೆಜ್ಜೆ ಹಿಂದೆ ಸರಿದರು.

"ಕೇಳಿದ್ಯಾ?" ಅಂದ ರೇವಪ್ಪಜ್ಜ.

"ಕೇಳಿದೆ ಅಜ್ಜಾ."

"ಹಂಗಾರ ಅಂಟ್ತು. ಈಕೀನ್ನ ತವರಿಗೆ ಕಳಿಸ್ಬೇಕು. ಊರಿಗೆ ಅಂಟೋದಕ್ಕಿಂತ ಮೊದಲ ಕಳಿಸ್ಬೇಕು."

ಮಾಳಪ್ಪ ಏನಂದ ಅಂತೀರಾ? ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದ. ಬಾಳವ್ವ ಅಳಲಿಲ್ಲ.

"ಹೋಗ್ತೀನಜ್ಜಾ. ಹೋಗೋಕಿಂತ ಮೊದಲ ಒಂದು ಮಾತು. ಬೀರವ್ವಜ್ಜಿ ಕಾಲು ಮುರಕೊಂಡು ಬಿದ್ದಾಳ. ನೀವು ಹೋಳಿಗಿ ಇಟ್ಟ ದಿನಾನೂ ಒಳಗ ನೀರಿಲ್ದ ಬಿದ್ದಿದ್ಲು. ಇನ್ನ ಈ ಕಂಬಳಿ. ಎಲ್ಲಾರೂ ಒಂದೀಟು ಬಗ್ಗಿ ಇದರ ಅಂಚು ನೋಡ್ರಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರೇ ಬಗ್ಗಿದರು. ತಾವೇ ನೇಯೋರು, ತಾವೇ ಅಂಚು ಹಾಕೋರು, ಅವರಿಗೆ ಹೇಳಿಕೊಡಬೇಕೇ? ಕೆಂಪಂಚನ್ನ ಒಬ್ಬರಾದ ಮೇಲೆ ಒಬ್ಬರು ಬೆರಳಿನಿಂದ ಮುಟ್ಟಿ ನೋಡಿದರು. ಒಳಗಿಂದ ಬೀರವ್ವಜ್ಜಿ ಕೂಗಿ ಹೇಳಿದಳು, "ಬಾಗಿಲು ಮುರಿದಿತ್ತೋ ರೇವಪ್ಪಾ! ನನಗ ಬೇಕಾಗಿದ್ದು ಬಡಿಗ!"

ರೇವಪ್ಪಜ್ಜ ಕೆಮ್ಮಿದ, ಗಂಟಲು ಸರಿ ಮಾಡಿಕೊಂಡ. "ಹಂಗಾರ... ನಾವು ಇಷ್ಟ ವರ್ಷ ಮಾಡಿದ ಕರುಣಾ?"

"ರೊಟ್ಟಿ ಚಲೋ ಇದ್ವಪ್ಪಾ. ಯಾರದೋ ಪಲ್ಯಾಕ ಮಾತ್ರ ಉಪ್ಪಿರ್ತಿರಲಿಲ್ಲ."

ಸಂಕವ್ವ ತಲೆ ತಗ್ಗಿಸಿದಳು. ಹುಡುಗರು ನಾಲ್ಕು ಜನ ಒಳಗೆ ಹೋಗಿ ಮುದುಕಿಯನ್ನ ಅದೇ ಕಂಬಳಿಯ ಮೇಲೆ ಮಲಗಿಸಿ ಎತ್ತಿಕೊಂಡು ಬಂದರು. ಆದರೆ ರೇವಪ್ಪಜ್ಜನಿಗೆ ಹಿರಿತನ ಬಿಡೋಕಾಗುತ್ತದೆಯೇ? "ಅದು ಬ್ಯಾರೆ, ಇದು ಬ್ಯಾರೆ. ಪದ್ಧತಿ ಮುರದದ್ದಂತೂ ಖರೆ. ಕೆಂಚವ್ವಾ, ನಿನ್ನ ಸೊಸಿ, ನೀನ ಹೇಳು. ಇಟ್ಕೋತೀಯೋ, ಕಳಿಸ್ತೀಯೋ?"

ಎಲ್ಲರೂ ತಿರುಗಿ ನೋಡಿದರು. ಕೆಂಚವ್ವ ಆ ಕೆಂಪಂಚನ್ನೇ ನೋಡುತ್ತಾ ನಿಂತಿದ್ದಳು. ಸರಕ್ಕನೆ ತಿರುಗಿ ಮನೆಯ ಕಡೆ ನಡೆದುಬಿಟ್ಟಳು.

ಬಾಳವ್ವನಿಗೆ ತಿಳಿಯಿತು, ಅತ್ತೆ ಗಂಟು ಕಟ್ಟೋಕೆ ಹೋದಳು ಅಂತ. ಹಿಂದಿನಿಂದ ತಾನೂ ನಡೆದಳು. ಅವಳ ಹಿಂದೆ ಊರು, ಊರಿನ ಜೊತೆ ಕಂಬಳಿಯ ಮೇಲೆ ಬೀರವ್ವಜ್ಜಿ. ಮನೆ ಮುಟ್ಟಿ ನೋಡುತ್ತಾರೆ, ಕೆಂಚವ್ವನ ಬಾಗಿಲಿಗೆ ಕರಿಕಂಬಳಿ! ಬಾಳವ್ವ ಮೊದಲು ನೋಡಿದ್ದೇ ತುದಿಯನ್ನ. ಅಂಚಿರಲಿಲ್ಲ. ಹಳೆಯ ಕಂಬಳಿ, ಪೆಟ್ಟಿಗೆಯಲ್ಲಿ ಬಹಳ ವರ್ಷ ಮಡಚಿಟ್ಟು ಮಡಿಕೆಯ ಗೆರೆ ಬಿದ್ದಿತ್ತು.

"ಸೊಸಿ ಕಳಿಸೋ ದುಃಖಕ್ಕ ಕಟ್ಯಾಳ" ಅಂದ ರೇವಪ್ಪಜ್ಜ. ಸಂಕವ್ವ ಅಭ್ಯಾಸಬಲದಿಂದ ರೊಟ್ಟಿ ತರೋಕೆ ಮನೆಗೆ ಓಡಿದಳು.

ಬಾಳವ್ವ ಒಬ್ಬಳೇ ಬಾಗಿಲ ಹತ್ತಿರ ಹೋದಳು. ಇನ್ನೊಂದು ಸಲ ಕೇಳ್ಬೇಡ ಅಂತ ಅತ್ತೆಯೇ ಹೇಳಿದ್ದು. ಆ ಬೆದರಿಕೆ ಇನ್ನೂ ಬಿಸಿಯಾಗೇ ಇದೆ. ಕೇಳದೆ ಸುಮ್ಮನಿದ್ದರೆ ಅತ್ತೆಯ ಮನಸ್ಸು ಕರಗಿ ಒಳಗೆ ಕರೆದಾಳು. ಆದರೆ ಅಷ್ಟು ಹಳೆಯ ಕಂಬಳಿ! ಇವತ್ತಿನ ದುಃಖಕ್ಕೆ ಯಾರಾದರೂ ಅಷ್ಟು ಹಳೆಯ ಕಂಬಳಿ ಕಟ್ಟುತ್ತಾರೆಯೇ?

"ಅತ್ತೀ," ಅಂದಳು, "ಏನಾಗೈತಿ ನಿಮಗ?"

ಒಳಗಿಂದ ಬಂದ ದನಿ ಕೆಂಚವ್ವನದೇ, ಆದರೆ ಆ ದನಿಯನ್ನ ಊರು ಯಾವತ್ತೂ ಕೇಳಿರಲಿಲ್ಲ.

"ಒಬ್ಬಾಕಿ ಇದ್ಲು. ಮಾಳಪ್ಪ ಹುಟ್ಟೋಕಿಂತ ಮೊದಲ. ಅಂಗಳದಾಗ ತಪ್ಪುಹೆಜ್ಜಿ ಹಾಕ್ತಿದ್ಲು. ಜ್ವರ ಬಂತು, ಹೋದ್ಲು. ಈ ಕಂಬಳೀನ ಕಟ್ಟಿದ್ದೆ. ರೊಟ್ಟಿ ಬಂದ್ವು, ರಾಶಿ ರಾಶಿ ಬಂದ್ವು. ರೊಟ್ಟಿ ಇಡೋ ಸಪ್ಪಳ ಆದಾಗೆಲ್ಲ ಬಾಗಲಕ ಓಡಿ ಬರ್ತಿದ್ದೆ, ಯಾರರ ಕೇಳ್ತಾರೇನೋ ಅಂತ. ಯಾರೂ ಕೇಳಲಿಲ್ಲ. ತವರಿನಿಂದ ಅಣ್ಣ ಬಂದ, ಕಂಬಳಿ ಬಿಚ್ಚಿದ, ಬಿಸಲೇರೋದರೊಳಗ ಹೋಗ್ಬೇಕು ಅಂದ. ಆಮ್ಯಾಲೆ ಆಕಿ ಹೆಸರು ಈ ಊರಾಗ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ."

ಮಾಳಪ್ಪ ನೆಲ ಕೆರೆಯೋದು ನಿಲ್ಲಿಸಿದ. ತನಗೊಬ್ಬ ಅಕ್ಕ ಇದ್ದಳು ಅನ್ನೋದು ಅವನಿಗೆ ಗೊತ್ತಾದದ್ದೇ ಅವತ್ತು.

"ಏನಿತ್ತು ಅತ್ತೀ, ಆಕಿ ಹೆಸರು?"

"ಹೊನ್ನಿ," ಅಂದಳು ಕೆಂಚವ್ವ. ಅಂದು, ತಾನು ಅಂದದ್ದನ್ನ ತಾನೇ ಕೇಳಿಸಿಕೊಂಡು, ಇನ್ನೊಂದು ಸಲ "ಹೊನ್ನಿ" ಅಂದಳು. "ಮಾತು ಆಗತಾನ ಬಂದಿತ್ತು. ಕುರಿ ಕಂಡ್ರೂ 'ಯಾಕ', ಮಳಿ ಬಂದ್ರೂ 'ಯಾಕ', ಉಣ್ಣು ಅಂದ್ರೂ 'ಯಾಕ'. ನಿನ್ಹಂಗ. ನೀ ಬಂದು ಆ ದನಿಯಾಗ ಕೇಳಾಕ ಹತ್ತಿದ್ಯಲ್ಲ, ನನ್ನ ಎದಿ ಸೀಳಿದಂಗ ಆಗ್ತಿತ್ತು. ಅದಕ್ಕ ನಿನ್ನ ಬಾಯಿ ಮುಚ್ಚಿಸಿದೆ ಮಗಳ."

ಅತ್ತೆ ಸೊಸೆಯನ್ನ ಮಗಳೇ ಅಂದದ್ದು ಅದೇ ಮೊದಲು. ಬಾಳವ್ವನ ಕೈ ಕಂಬಳಿಯ ಗಂಟಿನ ಕಡೆ ಹೋಯಿತು, ಅಲ್ಲೇ ನಿಂತಿತು. ರೇವಪ್ಪಜ್ಜ ಕಣ್ಣು ಒರೆಸಿಕೊಳ್ಳುತ್ತಲೇ ಕೋಲು ಎತ್ತಿದ. "ತಡಿ ತಡಿ, ತವರಿನವರ ಕೈಯಿಂದನ ಬಿಚ್ಚಬೇಕು."

ಆಗ ಕಂಬಳಿಯ ಮೇಲೆ ಮಲಗಿದ್ದ ಬೀರವ್ವಜ್ಜಿ ತಲೆ ಎತ್ತಿದಳು. ಇಷ್ಟು ವರ್ಷ ಆಡದೆ ಉಳಿದ ಮಾತೆಲ್ಲ ಅವಳ ಬಾಯಲ್ಲಿತ್ತಲ್ಲ!

"ಲೇ ರೇವಪ್ಪಾ, ತವರು ಅಂದ್ರ ಏನೋ? ಹೊಸ್ತಿಲ ತುಳಿಯೋದರೊಳಗ 'ಯಾಕ ಮಗಳ, ಇಷ್ಟು ಬಡವಾಗೀದಿ, ಏನಾಗೈತಿ' ಅಂತ ಕೇಳೋ ಮನಿ ಅಲ್ಲೇನು? ಕೇಳಿದಾಕಿ ಬಾಗಲದಾಗ ನಿಂತಾಳ. ಇನ್ನ ಹೊಳಿ ಆಚೆಯಿಂದ ಯಾರನ್ನ ಕರಸ್ತೀ?"

ರೇವಪ್ಪಜ್ಜ ಕೋಲು ಕೆಳಗಿಟ್ಟ. ಬಾಳವ್ವ ಗಂಟು ಬಿಚ್ಚಿದಳು. ಕಂಬಳಿ ಜಾರಿ ಬಿತ್ತು. ಒಳಗೆ ಕೆಂಚವ್ವ ಹೊಸ್ತಿಲ ಮೇಲೆ ಕೂತಿದ್ದಳು, ಸಣ್ಣ ಹುಡುಗಿಯ ಹಾಗೆ ಮೊಣಕಾಲು ತಬ್ಬಿಕೊಂಡು. ಎದ್ದು ಬಂದು ಸೊಸೆಯ ಕೈ ಹಿಡಿದಳು, ಊರಿನ ಕಡೆ ತಿರುಗಿದಳು.

"ಈಕೀನ್ನ ತವರಿಗೆ ಕಳಿಸು ಅಂದ್ರಲ್ಲ. ಇದನ್ನ ಬಿಟ್ಟು ಈಕಿಗೆ ಬ್ಯಾರೆ ತವರಿಲ್ಲ. ಇನ್ನ ಯಾರರ ಆ ಮಾತೆತ್ತಿದ್ರ ನನ್ನ ಬಾಯಿ ನಿಮಗ ಗೊತ್ತೈತಿ."

ಗೊತ್ತಿತ್ತು ಬಿಡ್ರಿ, ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಏನೂ ಅರಿಯದ ಸಂಕವ್ವ ಬುಟ್ಟಿ ಹೊತ್ತು ಓಡೋಡಿ ಬಂದಳು. ಜಗುಲಿಯ ಮೇಲೆ ರೊಟ್ಟಿ ಇಟ್ಟಳು, ತಲೆ ಬಗ್ಗಿಸಿದಳು, ತಿರುಗಿ ನೋಡದೆ ಹೊರಟಳು. ಕೆಂಚವ್ವ ಅವಳ ಸೆರಗು ಹಿಡಿದಳು. "ಸಂಕವ್ವಾ, ರೊಟ್ಟಿ ಇಟ್ಟಿ, ಒಂದೀಟು ಕೂಡು." ಸಂಕವ್ವ ಬೆದರಿದ ಕುರಿಯ ಹಾಗೆ ಸುತ್ತ ನೋಡಿದಳು. ಎಲ್ಲರೂ ಕೂತಿದ್ದರು. ಅವಳೂ ಕೂತಳು. ಸಮಾಚಾರ ಕಿವಿಗೆ ಬಿದ್ದ ಮೇಲೆ ಬಹಳ ಹೊತ್ತು ಬೆರಳಿಗೆ ಸೆರಗು ಸುತ್ತಿ ಸುತ್ತಿ, ಕೊನೆಗೆ ಕೇಳಿದಳು.

"ಹೊನ್ನಿ ನೋಡಾಕ ಯಾರ್ಹಂಗ ಇದ್ಲು ಕೆಂಚಕ್ಕಾ?"

ಕೆಂಚವ್ವ ಹೇಳೋಕೆ ಶುರು ಮಾಡಿದಳು. ಕುರಿ ಹಟ್ಟಿಗೆ ಬರುವವರೆಗೂ ಹೇಳಿದಳು. ಊರು ಹೂಂ ಅನ್ನುತ್ತಾ ಕೂತಿತ್ತು.

ಅಲ್ಲಿಂದ ಮುಂದೆ ಬಡಿಗ ಬಂದ, ಬೀರವ್ವಜ್ಜಿಗೆ ಗಟ್ಟಿ ಬಾಗಿಲು ಮಾಡಿಕೊಟ್ಟ. ಕೆಂಚವ್ವನ ಮನೆಯಲ್ಲೇ ಇದ್ದು ಕಾಲು ಕೂಡಿಕೊಂಡ ಮೇಲೆ ಆಕೆ ತನ್ನ ಮನೆಗೆ ಹೋದಳು, ಬಾಗಿಲನ್ನ ಮಾತ್ರ ಹಾಕುತ್ತಿರಲಿಲ್ಲ. ಕರಿಕಂಬಳಿ ಕಟ್ಟುವ ಪದ್ಧತಿಯನ್ನ ಆ ಊರು ಬಿಡಲಿಲ್ಲ, ರೊಟ್ಟಿ ತರೋದನ್ನೂ ಬಿಡಲಿಲ್ಲ. ತಂದವರು ಜಗುಲಿಯ ಮೇಲೆ ಕೂತು ಕೇಳುತ್ತಾರೆ, ಅಷ್ಟೇ. ಕೇಳಿದರೆ ದುಃಖ ಅಂಟುತ್ತದೆ ಅಂತ ಹಿಂದಿನವರು ಹೇಳಿದ್ದು ಸುಳ್ಳಲ್ಲ. ಅವತ್ತು ಹೊನ್ನಿಯ ಹೆಸರು ಊರಿಗೆಲ್ಲ ಅಂಟಿತು. ಆದರೆ ಊರಿಗೆ ಅಂಟಿದಷ್ಟೂ ಕೆಂಚವ್ವನ ಎದೆಯ ಮೇಲಿನ ಭಾರ ಇಳಿಯಿತು. ಬಾಳವ್ವ ಮೊದಲ ಹೆಣ್ಣು ಹೆತ್ತಾಗ ಏನು ಹೆಸರಿಟ್ಟರು ಅಂತ ನಾನು ಹೇಳೋದು ಬೇಡ, ನಿಮಗೇ ಗೊತ್ತಾಗಿರುತ್ತದೆ.

ಅಲ್ಲಿ ಕಂಬಳಿ ಮಡಚಿದರು, ಇಲ್ಲಿ ನಾನು ಕಥೆ ಮಡಚಿದೆ. ಹೇಳಿದ ಬಾಯಿಗೆ ಒಂದು ಎಲೆ ಅಡಿಕೆ, ಕೇಳಿದ ಕಿವಿಗೆ ತಂಪು ನಿದ್ದೆ. ಏಳ್ರಿ, ಎದ್ದು ಮನೆಗೆ ಹೋಗ್ರಿ.

ಏ ತಂಗಿ, ಕಂಬಕ್ಕೆ ಒರಗಿ ಕೂತಾಕಿ, ನೀ ತಡಿ. ಕಥೆ ಶುರುವಾದಾಗಿಂದ ಒಂದು ಸಲನೂ ನೀ ಹೂಂ ಅನ್ನಲಿಲ್ಲ. ಬಾ ಇಲ್ಲಿ, ಹತ್ರ ಕೂಡು.

ಏನಾಗೈತವ್ವ ನಿನಗ?